ಬಾಟಲಿಯ ಮೇಲೆ ಬರೆದ ‘ಹೊರಗ’

ನಾನು ಕ್ಷಮಿಸುವ ಪೈಕಿಯವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರಾದರೂ ‘ಪಾಪ, ಆ ಪ್ರೊಫೆಸರು’ ಎಂದು ಮರುಗಿದರೆ ಆ ಮರುಕದಲ್ಲಿ ನನಗೆ ಪಾಲು ಬೇಡ. ದಾಂಡೇಲಿಯಲ್ಲಿ ಒಂದು ಸಣ್ಣ ಆಸ್ಪತ್ರೆಯ ಪ್ರಯೋಗಾಲಯ ನನ್ನ ಸುಪರ್ದಿಯಲ್ಲಿದೆ. ರಕ್ತ, ಕಫ, ಮಲ, ಮೂತ್ರಗಳ ನಡುವೆ ದಿನ ಕಳೆಯುವ ಹೆಂಗಸಿಗೆ ಸೇಡು ತೀರಿಸಿಕೊಳ್ಳಲು ಏನು ಸಿಗಬೇಕೋ ಅದೇ ಸಿಕ್ಕಿತು. ಕಬ್ಬು ಕಡಿಯುವ ಹೆಂಗಸರ ಮೂತ್ರದ ಬಾಟಲಿ ಸಿಕ್ಕಿತು.

ಆ ಬಾಟಲಿಗಳನ್ನು ತಂದವಳು ಮುಂಡಗೋಡ ಕಡೆಯ ಒಬ್ಬ ಸಿದ್ದಿ ಹುಡುಗಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ದೂರದ ನಗರದ ಒಬ್ಬ ಪ್ರೊಫೆಸರರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ್ದಳು. ಅವಳ ತಾಯಿ ಪ್ರತಿ ಹಂಗಾಮಿಗೆ ಹಳಿಯಾಳದ ಸೀಮೆಗೆ ಕಬ್ಬು ಕಡಿಯಲು ಹೋಗುತ್ತಿದ್ದಳು, ಪ್ರತಿ ಸಲವೂ ಉರಿಮೂತ್ರ ಹಚ್ಚಿಕೊಂಡು ಮರಳುತ್ತಿದ್ದಳು. ಹುಡುಗಿ ಸಂಶೋಧನೆಗೆ ಹಿಡಿದ ವಿಷಯ ಅದೇ. ಮೊದಲ ದಿನ ನನ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು ಅವಳು ಹೇಳಿದ್ದು ಇಷ್ಟು.

“ಮೇಡಂ, ಕಬ್ಬಿನ ಹಂಗಾಮ ಬಂತಂದ್ರ ನಮ್ಮವ್ವ ನೀರು ಕುಡಿಯೂದ ಬಿಡ್ತಾಳ್ರಿ. ಯಾಕ ಅಂತ ಯಾವ ಡಾಕ್ಟರೂ ಕೇಳಿಲ್ಲ. ನಾ ಕೇಳಬೇಕಂತ ಮಾಡೇನಿ. ಒಂದ್ ಟೇಬಲ್ ಜಾಗಾ ಕೊಡ್ರಿ, ಸಾಕು.”

“ಜಾಗಾ ಕೊಡ್ತೇನಿ. ಆದ್ರ ಕೇಳದ ನನ್ನ ಸಾಮಾನು ಮುಟ್ಟಿದ್ರ ಕೈ ಮುರೀತೇನಿ” ಎಂದೆ. ಅವಳು ಹೆದರಲಿಲ್ಲ, ನಕ್ಕಳು. ಅಂದಿನಿಂದ ಅವಳು ನನ್ನ ಹುಡುಗಿಯಾದಳು.

ಕಾರಣ ಹುಡುಕಲು ಸೂಕ್ಷ್ಮದರ್ಶಕ ಬೇಕಿರಲಿಲ್ಲ. ನಸುಕಿನಲ್ಲಿ ಕಡಿಯುವವರ ಗ್ಯಾಂಗು ಹೊಲಕ್ಕೆ ಇಳಿಯುವಾಗ ಕಬ್ಬು ಆಳೆತ್ತರ ನಿಂತಿರುತ್ತದೆ, ಹೆಂಗಸರು ಅದರ ಮರೆಗೆ ಹೋಗಿ ಬರುತ್ತಾರೆ. ಹೊತ್ತು ಏರಿದಂತೆ ಆ ಮರೆಯನ್ನು ಅವರೇ ಕಡಿದು ಕೆಡವುತ್ತಾರೆ. ಮಧ್ಯಾಹ್ನಕ್ಕೆ ಸುತ್ತಲೂ ಬಯಲು, ಬಯಲಲ್ಲಿ ಟ್ರ್ಯಾಕ್ಟರಿನ ಗಂಡಸರು. ಹಾಗಾಗಿ ಬೆಳಗಿನ ಚಹಾ ಆದಮೇಲೆ ಅವರು ಹನಿ ನೀರು ಮುಟ್ಟುವುದಿಲ್ಲ, ಬಂದದ್ದನ್ನು ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ. ಇದು ನಮಗೆ ಗೊತ್ತಿತ್ತು. ಆದರೆ ಬರೀ ‘ಗೊತ್ತು’ ಎಂದರೆ ಯಾರೂ ಕೇಳುವುದಿಲ್ಲ. ಹಂಗಾಮಿನ ಆರಂಭದಲ್ಲಿ ಸೋಂಕು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಯಾವ ಕ್ರಿಮಿ ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಪ್ಲೇಟಿನ ಮೇಲೆ ಬೆಳೆಸಿ ತೋರಿಸಬೇಕು.

ಕೆಲಸ ಹೇಳಲು ಸುಲಭ. ಮೊದಲ ಧಾರೆ ನೆಲಕ್ಕೆ ಬಿಟ್ಟು ನಡುವಿನದನ್ನು ಬಾಟಲಿಗೆ ಹಿಡಿಯಬೇಕು. ಬಾಟಲಿಯ ಒಳಮೈಗೆ ಬೆರಳು ತಾಗಬಾರದು. ಕೂಡಲೇ ಐಸಿನ ಪೆಟ್ಟಿಗೆಗೆ ಇಳಿಸಬೇಕು. ಇದನ್ನು ಬಯಲಲ್ಲಿ ಮಾಡುವುದು ಹೇಗೆ? ಹುಡುಗಿ ನಾಲ್ಕು ಬಿದಿರಿನ ಗಳ ಮತ್ತು ದಪ್ಪನೆಯ ಹಳೆಯ ಚಾದರಗಳನ್ನು ಹೊತ್ತು ತಂದು ಹೊಲದ ಬದುವಿನಲ್ಲಿ ಮರೆ ಕಟ್ಟಿದಳು. ಗ್ಯಾಂಗಿನ ಹೆಂಗಸರು ಪರೀಕ್ಷೆಗಿಂತ ಆ ಮರೆಯನ್ನೇ ಮೆಚ್ಚಿದರು. ಬಾಟಲಿ ಕೊಟ್ಟವರೂ ಸಂಜೆಯೊಳಗೆ ಇನ್ನೊಂದು ಸಲ ಅಲ್ಲಿಗೆ ಹೋಗಿ ಬಂದರು.

ಇನ್ನೊಂದು ತೊಡಕಿತ್ತು. ಮುಟ್ಟಿನಲ್ಲಿರುವ ಹೆಂಗಸಿನ ಮೂತ್ರದಲ್ಲಿ ರಕ್ತ ಕಾಣಿಸುತ್ತದೆ, ಅದರ ಜೊತೆಗೆ ಪ್ರೋಟೀನೂ ಕಾಣಿಸುತ್ತದೆ. ಅದು ರೋಗವಲ್ಲ, ಬೆರಕೆ. ಪುಸ್ತಕದ ಪ್ರಕಾರ ಅಂಥವರನ್ನು ಅಂದು ವಾಪಸು ಕಳಿಸಬೇಕು. ಹುಡುಗಿ ಒಪ್ಪಲಿಲ್ಲ.

“ಸಾಲಿನಾಗಿಂದ ಒಬ್ಬಾಕಿನ್ನ ತಿರುಗಿ ಕಳಿಸಿದ್ರ ಇಡೀ ಗ್ಯಾಂಗಿಗೆ ಗೊತ್ತಾಕ್ಕೈತ್ರಿ ಮೇಡಂ. ಆಮ್ಯಾಲ ಆಕಿಗೆ ನೀರಿನ ಕೊಡಾ ಮುಟ್ಟಗೊಡೂದಿಲ್ಲ. ಎಲ್ಲಾರೂ ಬಾಟ್ಲಿ ಕೊಡ್ಲಿ. ಆದಾಕಿ ನನ್ನ ಕಿವ್ಯಾಗ ಒಂದ್ ಮಾತು ಹೇಳ್ಲಿ, ಸಾಕು.”

ಕಿವಿಯಲ್ಲಿ ಅವರು ಹೇಳುತ್ತಿದ್ದ ಮಾತು ‘ಹೊರಗ’. ಆ ಗ್ಯಾಂಗಿನಲ್ಲಿ ಯಾರೂ ‘ಮುಟ್ಟು’ ಎಂದು ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಹೊರಗ ಆಗೇನಿ, ಹೊರಗ ಅದೀನಿ, ಅಷ್ಟೇ. ಹುಡುಗಿ ಬಾಟಲಿಯ ಚೀಟಿಯ ಮೇಲೆ ಸಣ್ಣದಾಗಿ ‘ಹೊರಗ’ ಎಂದು ಬರೆದು ಪೆಟ್ಟಿಗೆಗೆ ಇಳಿಸುತ್ತಿದ್ದಳು, ಉಳಿದವರದ್ದಕ್ಕೆ ‘ಒಳಗ’ ಎಂದು ಬರೆಯುತ್ತಿದ್ದಳು. ಪರೀಕ್ಷೆ ಎಲ್ಲ ಬಾಟಲಿಗೂ ನಡೆಯುತ್ತಿತ್ತು. ಆದರೆ ‘ಹೊರಗ’ ಎಂದಿದ್ದವನ್ನು ಎಣಿಕೆಗೆ ಹಿಡಿಯದೆ, ಆ ಹೆಂಗಸರನ್ನು ಮುಂದಿನ ಸುತ್ತಿನಲ್ಲಿ ಮತ್ತೆ ನೋಡುವುದು ಎಂದು ಗೊತ್ತುಮಾಡಿಕೊಂಡೆವು. ಈ ಕ್ರಮವನ್ನೆಲ್ಲ ಅವಳು ಮೊದಲೇ ಪ್ರೊಫೆಸರರಿಗೆ ಬರೆದು ಕಳಿಸಿದ್ದಳು, ಅವರು ಒಪ್ಪಿಗೆಯನ್ನೂ ಕೊಟ್ಟಿದ್ದರು. ಓದದೆ ಒಪ್ಪುವುದು ದೊಡ್ಡವರ ಲಕ್ಷಣ.

ಮೊದಲ ಸುತ್ತಿನ ಬಾಟಲಿಗಳು ಪೂರಾ ಹಾಳಾದವು. ಹಳಿಯಾಳದಿಂದ ಹೊರಟ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಬಿದ್ದು, ಪೆಟ್ಟಿಗೆಯ ಐಸು ನೀರಾಯಿತು. ಬೆಚ್ಚಗಾದ ಮೂತ್ರದಲ್ಲಿ ಕ್ರಿಮಿಗಳು ತಾವಾಗಿಯೇ ಹೆಚ್ಚಿಕೊಳ್ಳುತ್ತವೆ. ಆಗ ಸೋಂಕು ಹೆಂಗಸಿನದೋ ಬಸ್ಸಿನದೋ ಹೇಳುವುದು ಸಾಧ್ಯವಿಲ್ಲ. ಅಷ್ಟನ್ನೂ ಚೆಲ್ಲು ಎಂದೆ. ಹುಡುಗಿ ಚೆಲ್ಲಿದಳು. ಆಮೇಲೆ ಹಳಿಯಾಳದಲ್ಲಿ ಪರಿಚಯದ ನರ್ಸ್ ಒಬ್ಬರ ಮನೆಯ ಅಡಿಗೆಮನೆಯನ್ನು ಬೇಡಿಕೊಂಡೆವು. ಕಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಫ್ಯಾನು ಆರಿಸಿ, ದೀಪದ ಉರಿಯ ಪಕ್ಕದಲ್ಲಿ ಮೂತ್ರಕ್ಕೆ ಅದ್ದಿದ ತಂತಿಯಿಂದ ಪ್ಲೇಟುಗಳಿಗೆ ಗೀರು ಹಾಕಿ, ಅವನ್ನು ಮಾತ್ರ ದಾಂಡೇಲಿಗೆ ಒಯ್ಯತೊಡಗಿದೆವು. ಬೆಳೆದ ಪ್ಲೇಟು ನೋಡುವಾಗ ನಾವಿಬ್ಬರೂ ಉಸಿರು ಹಿಡಿದಿರುತ್ತಿದ್ದೆವು. ಹಂಗಾಮು ಏರಿದಂತೆ ಸೋಂಕೂ ಏರುತ್ತಿತ್ತು. ಅವಳು ಹೇಳಿದ್ದು ನಿಜವಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಪ್ರೊಫೆಸರು ‘ಫೀಲ್ಡ್ ನೋಡಲು’ ಬಂದರು. ಅವರು ನೋಡಿದ ಫೀಲ್ಡು ಕಾಳಿ ನದಿ. ರಾಫ್ಟಿಂಗ್ ಮುಗಿಸಿ ಒದ್ದೆ ಕೂದಲಲ್ಲೇ ಪ್ರಯೋಗಾಲಯಕ್ಕೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಹುಡುಗಿ ಅವರನ್ನು ಹೊಲಕ್ಕೆ ಕರೆದೊಯ್ಯಲು ಟಂಟಂ ಆಟೋ ಹೇಳಿ ನಿಲ್ಲಿಸಿದ್ದಳು. ಬಿಸಿಲು ಜಾಸ್ತಿ, ಇನ್ನೊಮ್ಮೆ ನೋಡೋಣ ಎಂದರು. ಹೊರಡುವಾಗ ಅವಳ ಮುಖವನ್ನೇ ನೋಡುತ್ತ, “ಸಂಜೆ ನಮ್ಮ ರೆಸಾರ್ಟಲ್ಲಿ ನಿಮ್ಮ ಜನರ ಡ್ಯಾನ್ಸ್ ಇದೆಯಂತಲ್ಲಮ್ಮ? ನೀನೂ ಕುಣೀತೀಯಾ?” ಎಂದು ಕೇಳಿದರು.

“ನಾ ಪಿಎಚ್.ಡಿ. ಮಾಡಾಕತ್ತೇನ್ರಿ ಸರ. ನಿಮ್ಮ ಕೈಕೆಳಗ” ಎಂದಳು.

ಅವರು ಅದೇನೋ ದೊಡ್ಡ ತಮಾಷೆ ಎಂಬಂತೆ ನಕ್ಕರು. ಆ ನಗುವನ್ನು ನಾನು ಸೆರಗಿಗೆ ಗಂಟು ಹಾಕಿ ಇಟ್ಟುಕೊಂಡೆ.

ಹಂಗಾಮು ಇನ್ನೂ ನಡೆದಿರುವಾಗಲೇ ಅವರು ಅಷ್ಟರವರೆಗಿನ ಫಲಿತಾಂಶವನ್ನೆಲ್ಲ ತರಿಸಿಕೊಂಡರು. ಮಾರ್ಗದರ್ಶಕರು ಕೇಳಿದರೆ ಕೊಡಬೇಕು, ಕೊಟ್ಟೆವು. ಕೆಲವೇ ದಿನಗಳಲ್ಲಿ ಫೋನು ಬಂತು. ಹುಡುಗಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

“ನೋಡಮ್ಮ, ನೀನು ಒಳ್ಳೆ ಫೀಲ್ಡ್ ವರ್ಕರ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಅನಾಲಿಸಿಸ್ ನಿನ್ನ ಕೈಲಾಗೋ ಕೆಲಸ ಅಲ್ಲ, ಅದನ್ನ ನಮಗೆ ಬಿಡು. ಈ ಸ್ಟಡೀನ ನಾನೇ ಮುಂದುವರಿಸ್ತೀನಿ. ನಿನಗೆ ಬೇರೆ ಯಾವುದಾದ್ರೂ ಸಣ್ಣ ಟಾಪಿಕ್ ನೋಡೋಣ. ಕೃತಜ್ಞತೆಯಲ್ಲಿ ನಿನ್ನ ಹೆಸರು ಖಂಡಿತ ಹಾಕ್ತೀವಿ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹುಡುಗಿ ಅಳಲಿಲ್ಲ. ಹಳೆಯ ಪ್ಲೇಟುಗಳನ್ನು ಕುಕ್ಕರಿಗೆ ಹಾಕಿ ಕುದಿಸಿ, ಟೇಬಲ್ ಒರೆಸಿ, ಮೂಲೆಯಲ್ಲಿ ಕೂತಳು. ನಾನು ಫೋನು ಕಸಿದುಕೊಂಡು ಆ ಮನುಷ್ಯನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವರು ತಣ್ಣಗೆ ಕೇಳಿಸಿಕೊಂಡು, “ನೀವು ಟೆಕ್ನಿಕಲ್ ಸಪೋರ್ಟ್ ಅಷ್ಟೇ ಮೇಡಂ. ಇದು ಅಕಾಡೆಮಿಕ್ ವಿಷಯ” ಎಂದರು. ಇದನ್ನೂ ಗಂಟು ಹಾಕಿದೆ.

ಮುಂದೆ ಹಳಿಯಾಳದಲ್ಲಿ ಮಹಿಳಾ ಆರೋಗ್ಯದ ಕುರಿತು ಒಂದು ಸಭೆ ಗೊತ್ತಾಯಿತು. ಸುತ್ತಲಿನ ವೈದ್ಯರು, ನರ್ಸುಗಳು, ಆಶಾ ಕಾರ್ಯಕರ್ತೆಯರು ಬರುವವರಿದ್ದರು. ಮುಖ್ಯ ಭಾಷಣ ನಮ್ಮ ಪ್ರೊಫೆಸರರದು. ಅದರ ಸಾರಾಂಶ ಎಲ್ಲ ಪ್ರಯೋಗಾಲಯಗಳಿಗೂ ಬಂದಂತೆ ನನಗೂ ಬಂತು. ಬಯಲಿನಲ್ಲಿ ದುಡಿಯುವ ಮಹಿಳೆಯರಲ್ಲಿ ಹೊಸ ಬಗೆಯ ಮೂತ್ರಪಿಂಡದ ಕಾಯಿಲೆ ಪತ್ತೆಯಾಗಿದೆಯಂತೆ. ಒಳಾಂಗಣದಲ್ಲಿ ಪಡೆದ ಮೂತ್ರದಲ್ಲಿ ರಕ್ತವಿಲ್ಲವಂತೆ, ಹೊರಾಂಗಣದಲ್ಲಿ ಪಡೆದದ್ದರಲ್ಲಿ ರಕ್ತ ಮತ್ತು ಪ್ರೋಟೀನು ಧಾರಾಳವಾಗಿ ಇವೆಯಂತೆ.

ನಾನು ಎರಡು ಸಲ ಓದಿದೆ. ಆಮೇಲೆ ಹೊಳೆಯಿತು. ‘ಒಳಗ’ ಎಂಬುದನ್ನು ಅವರು ಇಂಡೋರ್ ಎಂದು ಮಾಡಿದ್ದರು, ‘ಹೊರಗ’ ಎಂಬುದನ್ನು ಔಟ್‌ಡೋರ್. ಕಬ್ಬಿನ ಹೊಲದಲ್ಲಿ ಒಳಾಂಗಣ ಎಲ್ಲಿಂದ ಬಂತು ಎಂದಾದರೂ ಕೇಳಬೇಡವೇ? ಮುಟ್ಟಿನ ರಕ್ತವನ್ನು ಹಿಡಿದು ಹೊಸ ರೋಗ ಕಂಡುಹಿಡಿದಿದ್ದರು ಪುಣ್ಯಾತ್ಮರು. ನಾನು ನಕ್ಕ ನಗೆಗೆ ಪಕ್ಕದ ಕೋಣೆಯ ಕಂಪೌಂಡರು ಏನಾಯಿತೋ ಎಂದು ಓಡಿ ಬಂದರು.

ಹುಡುಗಿ ನಗಲಿಲ್ಲ. “ಮೇಡಂ, ಸರಗ ಫೋನ್ ಹಚ್ಚಿ ಹೇಳೂಣ್ರಿ. ತಪ್ಪ ಐತಲ್ರಿ ಅದು.”

“ಐತಿ. ಇವತ್ತ ಹೇಳಿದ್ರ ನಾಳೆ ತಿದ್ದಿಕೋತಾರ. ತಿದ್ದಿದ್ದೂ ಅವರ ಹೆಸರಿನ್ಯಾಗ ಹೋಕ್ಕೈತಿ. ನೀ ಮತ್ತ ಕೃತಜ್ಞತಾದಾಗ ಇರ್ತಿ. ಬಾಯಿ ಮುಚ್ಚಗೊಂಡು ಕುಂದ್ರು.”

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹಳಿಯಾಳದ ವೇದಿಕೆಗೆ ಅವರು ಬಂದೇ ಬರುವವರು. ಅಲ್ಲಿ ತುಂಬಿ ಕೂತಿರುವವರು ತಿಂಗಳು ತಿಂಗಳೂ ಹೊರಗಾಗುವ ಹೆಂಗಸರು. ಕಾಯುವುದೊಂದೇ ನನ್ನ ಕೆಲಸ ಅಂದುಕೊಂಡೆ. ಅಷ್ಟು ಸುಖವಾಗಿ ನಾನು ಬಹಳ ದಿನಗಳಿಂದ ನಿದ್ದೆ ಮಾಡಿರಲಿಲ್ಲ.

ಆದರೆ ಪ್ರೊಫೆಸರರಿಗೆ ಸಭೆಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಪತ್ರಿಕೆಗೆ ಹೇಳಿಕೆ ಕೊಟ್ಟುಬಿಟ್ಟರು. ಕಬ್ಬಿನ ಹೆಂಗಸರಿಗೆ ಕಿಡ್ನಿ ರೋಗ ಎಂದು ಫೋಟೋದೊಂದಿಗೆ ಬಂತು. ಅದರ ಮರುದಿನ ಗ್ಯಾಂಗಿನ ಹಿರಿಯಾಕೆ ಹುಡುಗಿಗೆ ಫೋನು ಮಾಡಿದಳು. ಹುಡುಗಿ ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು.

“ತಂಗಿ, ನಮ್ಮ ಕಿಡ್ನಿ ಹೋಗ್ಯಾವಂತಲ್ಲ? ಉರೀತೈತಿ ಅಂತ ಬಾಯಿಬಿಟ್ಟು ಹೇಳಿದಾವ್ರಿಗೆಲ್ಲ ಮುಕಾದಮ ನಾಳಿಂದ ಬರಬ್ಯಾಡ್ರಿ ಅಂದಾನ. ನೀನಾರ ಮೊದಲ ಹೇಳಬಾರ್ದಿತ್ತೇನವ್ವ, ನಾ ಸಾಯಾಕತ್ತೇನಿ ಅಂತ?”

ಹುಡುಗಿ ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಅವಳು ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ. “ನಿಮ್ಮ ಸೇಡಿಗೆ ಅವರ ಕೆಲಸ ಹೋತ್ರಿ ಮೇಡಂ. ಅಂಜಿ ಅವರ ಜೀವಾ ಹಾರೇತ್ರಿ.”

ಮಾತು ನೇರವಾಗಿ ನಾಟಿತು. ಆದರೆ ಅದು ನಾಟಿದ ಜಾಗದಿಂದ ಎದ್ದು ಬಂದದ್ದು ಪಶ್ಚಾತ್ತಾಪವಲ್ಲ, ಇನ್ನಷ್ಟು ಸಿಟ್ಟು. ಒಂದು ಫೋನು ಮಾಡಿದರೆ ಪ್ರೊಫೆಸರು ತಮ್ಮ ಭಾಷಣ ತಿದ್ದಿಕೊಳ್ಳುತ್ತಾರೆ, ಆ ಹೆಂಗಸರ ಹೆದರಿಕೆಯನ್ನು ತಿದ್ದುವುದಿಲ್ಲ. ಅದನ್ನು ನಾವೇ ಮಾಡಬೇಕು. ‘ಹೊರಗ’ ಎಂದು ಬರೆದಿದ್ದ ಪ್ರತಿಯೊಬ್ಬ ಹೆಂಗಸಿನ ಮೂತ್ರವನ್ನೂ ಅವಳು ಒಳಗಿರುವಾಗ ಇನ್ನೊಮ್ಮೆ ನೋಡುವುದು, ಹೇಗಿದ್ದರೂ ಅದು ನಮ್ಮ ಕ್ರಮದಲ್ಲೇ ಇದ್ದ ಮುಂದಿನ ಸುತ್ತು. ಮೊದಲು ಆ ಹೆಂಗಸರಿಗೆ ನಿಜ ಹೇಳುವುದು, ಆಮೇಲೆ ಸಭೆಗೆ ಬರಿಗೈಯಲ್ಲಿ ಹೋಗದೆ ಪುರಾವೆ ಹಿಡಿದು ಹೋಗುವುದು. ಪ್ರೊಫೆಸರರಿಗೆ ಮಾತ್ರ ಒಂದಕ್ಷರವೂ ಇಲ್ಲ.

“ನಡಿ, ಹೋಗೂಣು. ಮೊದಲ ಮುಕಾದಮನ ಕಡೆ” ಎಂದೆ.

ಮುಕಾದಮ ಎಂದರೆ ಗ್ಯಾಂಗನ್ನು ಒಯ್ದು ತರುವ ಮೇಸ್ತ್ರಿ. ಹೊಲದ ಅಂಚಿನಲ್ಲಿ ಪತ್ರಿಕೆ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದ. “ಡಾಕ್ಟರ್ ಬಾಯಾರ, ನಂದೇನೂ ತಪ್ಪಿಲ್ರಿ. ಪೇಪರಿನ್ಯಾಗ ಬಂದೈತಿ. ಮೂತ್ರದಾಗ ರಕ್ತ ಹೊಂಟೈತಂತ. ನಾಳೆ ಯಾರರ ಹೊಲದಾಗ ಬಿದ್ದ್ರ ನನ್ನ ತಲಿ ಮ್ಯಾಲ ಬರ್ತೈತಿ.”

“ಮುಕಾದಮರ, ನಿಮ್ಮ ಮನ್ಯಾಗ ಹೆಣ್ಮಕ್ಕಳು ತಿಂಗಳಿಗೊಮ್ಮಿ ಹೊರಗ ಕೂಡ್ತಾರಿಲ್ರಿ?”

ಅವನು ಪತ್ರಿಕೆಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದ.

“ಆ ರಕ್ತರೀ ಇದು. ಅದಕ್ಕ ಕಿಡ್ನ್ಯಾಗಿಂದು ಅಂದಾನ ನಿಮ್ಮ ಪೇಪರಿನ ಶಾಣ್ಯಾ. ಇನ್ನೂ ಬಿಡಿಸಿ ಹೇಳ್ಲ್ಯಾ, ಸಾಕೋ?”

ಕಬ್ಬಿನ ಸಾಲಿನಿಂದ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಗತೊಡಗಿದರು. ಮುಕಾದಮನ ಕಿವಿ ಕೆಂಪಾದವು. “ಸಾಕ್ರೀ ಬಾಯಾರ, ಸಾಕು. ಎಲ್ಲಾರೂ ಬರ್ಲಿ” ಎಂದು ಟ್ರ್ಯಾಕ್ಟರಿನ ಕಡೆ ನಡೆದೇಬಿಟ್ಟ. ಅವನು ಅಷ್ಟು ಜೋರು ನಡೆದದ್ದನ್ನು ಹೆಂಗಸರು ಎಂದೂ ನೋಡಿರಲಿಲ್ಲವಂತೆ.

ಮರುಪರೀಕ್ಷೆಗೆ ಒಂದಿಷ್ಟು ದಿನ ಹಿಡಿಯಿತು. ಒಬ್ಬೊಬ್ಬರೂ ಒಳಗಾಗುವವರೆಗೆ ಕಾಯಬೇಕಿತ್ತು. ಹುಡುಗಿ ಬೆಳಗಿನ ಬಸ್ಸಿಗೆ ಹೋಗಿ ಮರೆ ಕಟ್ಟುವಳು, ಅಡಿಗೆಮನೆಯಲ್ಲಿ ಗೀರು ಹಾಕುವಳು, ನಾನು ದಾಂಡೇಲಿಯಲ್ಲಿ ಪ್ಲೇಟು ಓದುವೆ. ರಕ್ತ ಯಾರಲ್ಲೂ ಇರಲಿಲ್ಲ, ಪ್ರೋಟೀನೂ ಇರಲಿಲ್ಲ. ಸೋಂಕು ಮಾತ್ರ ಇತ್ತು, ಹುಡುಗಿ ಮೊದಲಿನಿಂದ ಹೇಳುತ್ತಿದ್ದ ಸೋಂಕು. ಅದಕ್ಕೆ ಸರಿಯಾದ ಔಷಧ ಯಾವುದೆಂದು ಪ್ಲೇಟು ಹೇಳಿತು, ಹಳಿಯಾಳದ ವೈದ್ಯೆಯೊಬ್ಬರು ಬರೆದುಕೊಟ್ಟರು. ಕಿಡ್ನಿ ಹೋಗಿದೆ ಎಂದು ಅತ್ತಿದ್ದ ಮಾವಶಿ ಮಾತ್ರೆ ಮುಗಿಯುವಷ್ಟರಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕಬ್ಬು ಕಡಿಯುತ್ತಿದ್ದಳು.

ಸಭೆಯ ಹಿಂದಿನ ದಿನ ಹುಡುಗಿ ಆಕೆಯ ಅನುಮತಿ ಕೇಳಿದಳು. “ಅಷ್ಟು ಮಂದ್ಯಾಗ ನಿಮ್ಮ ಹೊರಗಿನ ಮಾತು ಎತ್ತಲ್ಯಾ ಮಾವಶಿ?”

ಮಾವಶಿ ಕುಡುಗೋಲು ಕೆಳಗಿಟ್ಟು ಉಳಿದವರ ಮುಖ ನೋಡಿದಳು. ಯಾರೂ ಬೇಡ ಎನ್ನಲಿಲ್ಲ. “ಎತ್ತವ್ವ. ಹೆಸರು ಹೇಳಬ್ಯಾಡ, ಅಷ್ಟ. ನಾಚಿಗಿ ನಮಗ್ಯಾಕ? ತಿಳೀದ ಬರದಾವಗ ಆಗ್ಲಿ.”

ಸಭೆಯಲ್ಲಿ ಕುರ್ಚಿಗಳು ಸಾಲದೆ ಆಶಾ ಕಾರ್ಯಕರ್ತೆಯರು ಗೋಡೆಯ ಉದ್ದಕ್ಕೂ ನಿಂತಿದ್ದರು. ನಾನು ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದೆ. ಇಂಥದ್ದನ್ನು ಹಿಂದೆ ಕೂತು ನೋಡಬಾರದು. ಪ್ರೊಫೆಸರು ಚೆನ್ನಾಗಿಯೇ ಮಾತಾಡಿದರು. ಹೊರಾಂಗಣ ಎಂದು ಕೆಂಪು ಬಣ್ಣದ ಕಂಬವನ್ನೂ ಒಳಾಂಗಣ ಎಂದು ಹಸಿರು ಕಂಬವನ್ನೂ ಪರದೆಯ ಮೇಲೆ ತೋರಿಸಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದು ನೀರು ಕುಡಿದರು. ಹುಡುಗಿ ಎದ್ದು ನಿಂತಳು.

“ಸರ, ಬಾಟ್ಲಿ ಮ್ಯಾಲ ಯಾವ ಶಬ್ದ ಬರದಿತ್ರಿ?”

“ನೀನೇ ಬರೆದದ್ದಲ್ಲವಾ? ‘ಹೊರಗ’ ಅಂತ.”

“ಹೊರಗ ಅಂದ್ರ ಏನ್ರಿ ಸರ?”

“ಹೊರಗ ಅಂದರೆ ಹೊರಗಡೆ ಅಮ್ಮ. ಓಪನ್ ಏರ್. ಹೊಲದಲ್ಲಿ ತೆಗೆದ ಸ್ಯಾಂಪಲ್.”

“ಹೆಂಗಸೂರು ನನ್ನ ಕಿವ್ಯಾಗ ‘ನಾ ಹೊರಗ ಅದೀನಿ’ ಅಂತ ಹೇಳಿದಾಗ ಬರದದ್ರಿ ಅದು. ಅವರು ಹೊಲದಾಗ ಅದೀನಿ ಅಂತ ಕಿವ್ಯಾಗ ಯಾಕ ಹೇಳ್ತಾರ್ರಿ ಸರ?”

ಗೋಡೆಯ ಕಡೆಯಿಂದ ಯಾರೋ “ಅಯ್ಯ ನಮ್ಮವ್ವ!” ಅಂದರು. ಅಲ್ಲಿಂದ ಶುರುವಾದ ನಗು ನರ್ಸುಗಳ ಸಾಲಿಗೆ ಬಂತು, ವೈದ್ಯೆಯರ ಸಾಲಿಗೆ ಬಂತು, ಕೊನೆಗೆ ವೇದಿಕೆಯ ಮೇಲೆ ಕೂತಿದ್ದ ಅಧ್ಯಕ್ಷೆಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪ್ರೊಫೆಸರು ಇನ್ನೂ ಅರ್ಥವಾಗದೆ ಪರದೆಯ ಕಡೆ ತಿರುಗಿ ನೋಡುತ್ತಿದ್ದರು. ಪಕ್ಕದಲ್ಲಿದ್ದ ವೈದ್ಯರು ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ತುಂಬ ನೋಡಿದೆ. ಅವರ ಮನೆಯಲ್ಲೂ ತಾಯಿ ತಿಂಗಳಿಗೊಮ್ಮೆ ಹೊರಗೆ ಕೂತಿರಬೇಕು. ಆ ದಿನಗಳಲ್ಲಿ ಆಕೆ ಎಲ್ಲಿ ಕೂತಿದ್ದಳು ಎಂದು ಅವರು ನೋಡಿರಲಿಕ್ಕಿಲ್ಲ.

ಹುಡುಗಿ ನಗಲಿಲ್ಲ. ನಗು ನಿಂತ ಮೇಲೆ ಮರುಪರೀಕ್ಷೆಯ ಫಲಿತಾಂಶ ಓದಿದಳು, ಕಬ್ಬು ಕಡಿದಂತೆ ಮರೆ ಕಡಿಮೆಯಾಗುವುದನ್ನು ಹೇಳಿದಳು, ಕುಡಿಯದ ನೀರಿನ ಮಾತು ಹೇಳಿದಳು. ಆಗ ಯಾರೂ ನಗಲಿಲ್ಲ. ಅಧ್ಯಕ್ಷೆ ಅವಳನ್ನು ವೇದಿಕೆಗೆ ಕರೆದು, ಪ್ರೊಫೆಸರರ ಮುಂದಿದ್ದ ಮೈಕು ಎತ್ತಿ ಅವಳ ಕೈಗೆ ಕೊಟ್ಟರು.

ಊಟದ ಹೊತ್ತಿಗೆ ಪ್ರೊಫೆಸರು ನನ್ನ ಹತ್ತಿರ ಬಂದರು. “ನಿಮಗೆ ಇದು ಗೊತ್ತಿತ್ತು. ಮೊದಲೇ ಒಂದು ಮಾತು ಹೇಳಬಹುದಿತ್ತು ಮೇಡಂ.”

“ನೀವು ಮೊದಲ ಒಂದು ಮಾತು ಕೇಳಬಹುದಿತ್ರಿ. ನಾ ಬರೇ ಟೆಕ್ನಿಕಲ್ ಸಪೋರ್ಟ್ ಅಲ್ರಿ?” ಎಂದೆ. ಅಂದಿನ ಗೋಧಿ ಹುಗ್ಗಿಯನ್ನು ನಾನು ಎರಡು ಸಲ ಹಾಕಿಸಿಕೊಂಡೆ. ನೆನೆದರೆ ಈಗಲೂ ಬಾಯಿ ಸಿಹಿಯಾಗುತ್ತದೆ.

ಪತ್ರಿಕೆ ಒಳಪುಟದಲ್ಲಿ ಸಣ್ಣ ತಿದ್ದುಪಡಿ ಹಾಕಿತು. ವಿಶ್ವವಿದ್ಯಾಲಯದವರು ಹುಡುಗಿಗೆ ಅವಳ ವಿಷಯವನ್ನೇ ಮರಳಿಸಿ, ಬೇರೆ ಮಾರ್ಗದರ್ಶಕರನ್ನು ಕೊಟ್ಟರು. ಪ್ರೊಫೆಸರರ ಹೆಸರನ್ನು ಕೃತಜ್ಞತೆಯಲ್ಲಾದರೂ ಹಾಕಬೇಕೇ ಎಂದು ಅವಳು ಕೇಳಿದಾಗ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ಹಂಗಾಮಿಗೆ ನಾವು ಮತ್ತೆ ಅದೇ ಗ್ಯಾಂಗಿನ ಹತ್ತಿರ ಹೋದೆವು. ಹೆಂಗಸರು ಹಟ ಹಿಡಿದು ಮುಕಾದಮನಿಂದ ಆಚೆ ಕಾಣದಷ್ಟು ದಟ್ಟನೆಯ ಹಸಿರು ಬಲೆಬಟ್ಟೆ ತರಿಸಿದ್ದರು. ಗಳಕ್ಕೆ ಕಟ್ಟಿದ ಆ ಮರೆ ಕಡಿತದ ಸಾಲಿನ ಹಿಂದೆಯೇ ಸರಿಯುತ್ತಿತ್ತು, ಪಕ್ಕದಲ್ಲಿ ನೀರಿನ ಕೊಡವೂ ಇತ್ತು. ಮಾವಶಿ ಮರೆಯಿಂದ ಹೊರಬಂದು ಬಾಟಲಿಯನ್ನು ಹುಡುಗಿಯ ಕೈಗಿಟ್ಟಳು. ಈ ಸಲ ಕಿವಿಯ ಹತ್ತಿರ ಬಗ್ಗಲಿಲ್ಲ.

“ಒಳಗ ಅದೀನವ್ವ, ಬರಕೋ. ಅಂದಂಗ, ಹೊಳಿಯಾಗ ತೇಲಾಡಿ ಹೋಗಿದ್ದ ಆ ಸಾಹೇಬ್ರು ಈ ಸಲ ಬರಲಿಲ್ಲೇನ?”

ಹುಡುಗಿ ಚೀಟಿಯ ಮೇಲೆ ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಇನ್ನ ಬರೂದಿಲ್ಲ ಮಾವಶಿ. ಸಾಹೇಬ್ರು ಹೊರಗ ಆಗ್ಯಾರ.”